ನಲವತ್ತನೆಯ ಮನೆ

ಹತ್ತು ಮನೆಗೆ ಒಂದು ಮನೆ ಬರೆದರೆ ಇಡೀ ಊರನ್ನೇ ಬರೆದಂತೆ ಎಂದು ನಮ್ಮ ಸಾಹೇಬರು ಹೇಳಿದಾಗ ನಾನೂ ತಲೆಯಾಡಿಸಿದ್ದೆ. "ಗಂಜ್ ಬಜಾರದಾಗ ಒಂದು ಮುಷ್ಟಿ ತೊಗರಿ ನೋಡಿ ಚೀಲದ ದರ ಹೇಳಂಗಿಲ್ಲೇನು, ಸೂರ್ಯಕಾಂತ?" ಅಂದಿದ್ದರು. ಹೈದರಾಬಾದ್ ಸಂಸ್ಥಾನದಲ್ಲಿ ಪೊಲೀಸ್ ಕಾರ್ಯಾಚರಣೆ ಆಗಿ ಮೂರು ವರ್ಷವಾಗಿತ್ತು. ಆ ಗಲಾಟೆಯಲ್ಲಿ ಎಷ್ಟು ಜನ ಕಾಣೆಯಾದರು ಎಂದು ತಿಳಿಯುವುದು ನಮ್ಮ ಕೆಲಸ. ನನ್ನದು ಹೊಸ ನೌಕರಿ, ಅದರ ಕೊಬ್ಬು ಬೇರೆ.

ಕಲಬುರಗಿಯಿಂದ ಕಮಲಾಪುರಕ್ಕೆ ಹೋದೆ. ಹತ್ತು, ಇಪ್ಪತ್ತು, ಮೂವತ್ತು ಮುಗಿದವು. ನಲವತ್ತನೆಯ ಮನೆಗೆ ಬೀಗ. ಬಾಗಿಲ ಪಕ್ಕದ ಗೋಡೆಯ ಮೇಲೆ ನಾವೇ ಕೆಮ್ಮಣ್ಣಿನಲ್ಲಿ ಬರೆದ ನಂಬರಿತ್ತು. ಬೀಗವಿದ್ದರೆ ಪಕ್ಕದ ಮನೆ ಬರೆಯಬೇಕೆಂದು ನಿಯಮ. ಪಕ್ಕದ ಖಂಡೆಪ್ಪನ ಮನೆಯಲ್ಲಿ ಏಳು ಜನ, ಏಳೂ ಜನ ಗಟ್ಟಿಮುಟ್ಟು. ಬರೆದುಕೊಂಡೆ.

"ಅದು ಅಕ್ಬರಿ ಬೇಗಂ ಮನೀರಿ," ಅಂದ ಖಂಡೆಪ್ಪ. "ಆಕಿ ಗಂಡ ಖಾಸಿಂಸಾಬ ಕೆಂಪು ಬಾಳಿಹಣ್ಣಿನ ಬಂಡಿ ಹೊಡಕೊಂಡು ಕಲಬುರಗಿಗಿ ಹೋದಾಂವ, ಗಲಾಟ್ಯಾಗ ತಿರುಗಿ ಬರಲಿಲ್ಲ. ಆಕಿ ಈಗ ಕಲಬುರಗಿ ರೋಜಾ ಓಣ್ಯಾಗ ತಂಗಿ ಮನ್ಯಾಗ ಅದಾಳ. ಆಕೀದೂ ಬರಕೋರಿ."

"ನಿಯಮದಾಗ ಇಲ್ಲ," ಅಂದೆ.

ವಾರದ ಮೇಲೆ ಆಕೆಯೇ ಕಚೇರಿಗೆ ಬಂದಳು. ಖಂಡೆಪ್ಪ ಹೇಳಿಕಳಿಸಿದ್ದನಂತೆ. ಮನೆಯ ಚಾವಿಯನ್ನು ನನ್ನ ಮೇಜಿನ ಮೇಲಿಟ್ಟಳು.

"ಸಾಹೇಬ್ರೇ, ನಮ್ಮ ಮನಿ ನಂಬರ್ ಬಂದಿತ್ತಂತ. ನಮ್ಮವರ ಹೆಸರು ಬರೀರಿ. ಸರ್ಕಾರಿ ಕಾಗದದಾಗ ಬಂದ್ರ ಹುಡುಕ್ತಾರ."

ಸಾಹೇಬರನ್ನು ಕೇಳಿದೆ. ಒಂದು ಜಾಗಕ್ಕೆ ಎರಡು ಮನೆ ಬರೆಯಲು ಬರುವುದಿಲ್ಲ ಎಂದರು. ಪಟ್ಟಿ ತೆಗೆದು ನೋಡಿದೆ. ಕಮಲಾಪುರದಲ್ಲೇ ಬೀಗ ಹಾಕಿದ ಮನೆ ಆರು ಸಿಕ್ಕಿದ್ದವು, ಆರಕ್ಕೂ ಪಕ್ಕದ ಮನೆ ಬರೆದಿದ್ದೆ. ಯಾರನ್ನು ಕೇಳಬೇಕಿತ್ತೋ ಅವರನ್ನೇ ಬಿಟ್ಟು, ಏನೂ ಆಗದವರನ್ನು ಕೇಳಿ ಬಂದಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯವಾಗದೆ, "ನಾ ಬಂದಾಗ ನೀವು ಮನ್ಯಾಗ ಇರಲಿಲ್ಲಲ್ಲ," ಎಂದು ತಪ್ಪನ್ನು ಆಕೆಯ ಮೇಲೇ ಹಾಕಿದೆ. ಆಕೆ ಚಾವಿ ತೆಗೆದುಕೊಂಡು ಹೋದಳು.

ಮುಂದಿನ ತಿಂಗಳು ಕಮಲಾಪುರದ ಮೇಲೆ ಹೋಗುವಾಗ ಮನಸ್ಸು ತಡೆಯದೆ ಬಸ್ಸಿಳಿದೆ. ಆ ಮನೆಯ ಬಾಗಿಲು ತೆರೆದಿತ್ತು. ಗೋಡೆಗೆಲ್ಲ ಸುಣ್ಣ ಬಳಿದಿದ್ದಳು. ನಂಬರನ್ನು ಮಾತ್ರ ಮುಟ್ಟಿರಲಿಲ್ಲ.

ಹೊಸ್ತಿಲ ಮೇಲೆ ಕೂತಿದ್ದವಳು ದಡಬಡಿಸಿ ಎದ್ದಳು. "ಬಂದ್ರಿ? ಅವತ್ತಿನಿಂದ ನಾ ಮನಿ ಬಿಟ್ಟು ಎಲ್ಲೀನೂ ಹೋಗಿಲ್ಲರಿ. ನೀರು ಸುದ್ದಾ ಖಂಡೆಪ್ಪಣ್ಣನ ಹೆಂಡ್ತಿ ತಂದು ಕೊಡ್ತಾಳ."

ವರದಿ ಹೈದರಾಬಾದಿಗೆ ಹೋಗಿ ವಾರವಾಗಿತ್ತು. ಕಮಲಾಪುರದ ಹೆಸರಿನ ಮುಂದೆ ಕಾಣೆಯಾದವರು ಯಾರೂ ಇಲ್ಲ ಎಂದು ನಾನೇ ಕೈಯಾರೆ ಬರೆದಿದ್ದೆ.

ಜೇಬಿನಲ್ಲಿದ್ದ, ಸರ್ಕಾರಿ ಮೊಹರಿಲ್ಲದ ಬಿಳಿ ಹಾಳೆ ತೆಗೆದೆ. ಆಕೆ ಹೇಳುತ್ತ ಹೋದಳು: ಹೆಸರು, ವಯಸ್ಸು, ಎಡಗಡೆ ಎತ್ತಿನ ಮುರಿದ ಕೊಂಬು, ಹೋಗುವಾಗ ಅವನು ಹಾಕಿಕೊಂಡಿದ್ದ ಅಂಗಿ. ಒಂದೂ ಬಿಡದೆ ಬರೆದೆ.

"ಬಂತಲ್ರಿ ಹೆಸರು, ಕಾಗದದಾಗ?"

"ಬಂತವ್ವ," ಅಂದೆ.

ಆಕೆ ಒಳಗೆ ಹೋಗಿ ಖಾಲಿ ಕೊಡ ಎತ್ತಿಕೊಂಡು ಬಂದಳು. "ಹಂಗಾದ್ರ ಇನ್ನ ನಾ ನೀರಿಗಿ ಹೋಗಬಹುದಲ್ರಿ?"