ದೊಡ್ಡಮ್ಮನ ನೀರಿನ ಸರದಿ

ನನ್ನ ತಮ್ಮ ಒನೋಫ್ರೆಗೆ ಕೈ ಚುರುಕು, ಕಿವಿ ಮಂದ. ಕೇಳಿಸುವುದಿಲ್ಲ ಅಂತಲ್ಲ, ಕೇಳಿಸಿಕೊಳ್ಳುವುದಿಲ್ಲ. ಆ ಶನಿವಾರ ಬೆಳಿಗ್ಗೆ ಲಾರಿಯ ಮೇಲಿನ ಟ್ಯಾಂಕಿಗೆ ಅವನು ಎರಡನೆಯ ಸಲ ನೀರಿನ ಪೈಪು ಇಳಿಬಿಟ್ಟಾಗ, ಸಾಕು ಕಣೋ, ಲೇಪ ತೆಳ್ಳಗಾಗುತ್ತದೆ ಎಂದು ಹೇಳಿದೆ. ಅವನು ಶಿಳ್ಳೆ ಹಾಕುತ್ತಾ ಇನ್ನಷ್ಟು ಬಿಟ್ಟ.

ಹಳೆಯ ಡಾಂಬರಿಗೆ ಕರಿ ಲೇಪ ಬಳಿಯುವುದು ನಮ್ಮ ಕಸುಬು. ನ್ಯೂ ಮೆಕ್ಸಿಕೋದ ಈ ಎತ್ತರದ ಒಣನಾಡಿನಲ್ಲಿ ಬಿಸಿಲು ಡಾಂಬರನ್ನು ಬೂದಿ ಬಣ್ಣಕ್ಕೆ ತರುತ್ತದೆ, ಚಳಿಗಾಲದ ಹಿಮ ಅದನ್ನು ಸೀಳುತ್ತದೆ. ಬಿರುಕಿಗೆ ಕಾಯಿಸಿದ ರಬ್ಬರು ಸುರಿದು, ಮೇಲೆ ಮರಳು ಬೆರೆಸಿದ ಲೇಪ ಕೊಟ್ಟರೆ ಇನ್ನು ಕೆಲವು ವರ್ಷ ಬಾಳುತ್ತದೆ. ಒನೋಫ್ರೆ ಪೈಪು ಹಿಡಿದು ನಡುವೆ ಎರಚುತ್ತಾನೆ, ಗೋಡೆ, ಕಂಬ, ಅಂಚುಗಳನ್ನು ಕುಂಚ ಹಿಡಿದು ನಾನು ನೋಡಿಕೊಳ್ಳುತ್ತೇನೆ. ನಮ್ಮ ಗಾಳಿ ಎಷ್ಟು ಒಣವೆಂದರೆ ಹರಡುವ ಮೊದಲೇ ಲೇಪ ಗಟ್ಟಿಯಾಗಿಬಿಡುತ್ತದೆ. ಅದಕ್ಕೇ ಈ ಕಣಿವೆಯಲ್ಲಿ ಎಲ್ಲರೂ ಒಂದಿಷ್ಟು ನೀರು ಬೆರೆಸುತ್ತಾರೆ. ಒಂದಿಷ್ಟಾದರೆ ಸರಿ. ಜಾಸ್ತಿಯಾದರೆ ಮೇಲೆ ತೆಳುವಾಗಿ ಕೆನೆ ಕಟ್ಟಿ, ಒಳಗೆ ಹಸಿಯಾಗಿಯೇ ಉಳಿಯುತ್ತದೆ. ನಮ್ಮ ಒಣಹವೆಯನ್ನು ನಂಬಿ ನಮ್ಮವರೇ ಮಾಡುವ ತಪ್ಪು ಇದು. ಮಳೆನಾಡಿನವನು ಯಾರೂ ಮಾಡುವುದಿಲ್ಲ.

ಆವತ್ತಿನ ಕೆಲಸ ಊರಿನ ಮುದುಕರ ಊಟದ ಮನೆಯ ಮುಂದಿನ ವಾಹನ ನಿಲ್ಲಿಸುವ ಅಂಗಳ. ಬೆಳಿಗ್ಗೆ ಲೇಪ ಎರಚುವ ಪಂಪು ಕಟ್ಟಿಕೊಂಡಿತ್ತು, ಅದನ್ನು ಬಿಚ್ಚಿ ತೊಳೆದು ಕೂಡಿಸುವಷ್ಟರಲ್ಲಿ ಹೊತ್ತು ಏರಿತ್ತು. ಹೋದ ಹೊತ್ತನ್ನು ಹಿಡಿಯಲು ಒನೋಫ್ರೆ ಲೇಪವನ್ನು ತೆಳ್ಳಗೆ ಮಾಡಿದ. ಸರಸರನೆ ಹರಡಿತು, ಕನ್ನಡಿಯಂತೆ ಹೊಳೆಯಿತು. ನೋಡಿದ್ಯಾ ಎಂಬಂತೆ ನನ್ನ ಕಡೆ ಹುಬ್ಬು ಹಾರಿಸಿದ. ನನಗೆ ಮೈ ಉರಿಯಿತು.

ಆ ಅಂಗಳ ಹಿಂಬದಿಗೆ ಇಳಿಜಾರು. ಕೆಳತುದಿಯಲ್ಲಿ ಊರಿನ ಕಾಲುವೆ ಹರಿಯುತ್ತದೆ, ಅಂಗಳದ ಮಳೆನೀರು ಒಂದು ಕೊಳವೆಯ ಮೂಲಕ ಅದರೊಳಗೆ ಬೀಳುತ್ತದೆ. ಹಾಗಾಗಿ ಅಲ್ಲಿ ಲೇಪ ಬಳಿಯುವವರು ಮೊದಲು ನೀರುಗಂಟಿ ಬೆಲಾರ್ಮಿನೋಗೆ ತಿಳಿಸಬೇಕು, ಅವನು ಮೇಲಿನ ತೂಬು ಹಾಕಿ ನೀರನ್ನೆಲ್ಲ ಹೊಳೆಗೆ ತಿರುಗಿಸುತ್ತಾನೆ, ಲೇಪ ಪೂರ್ತಿ ಒಣಗುವ ತನಕ ಕಾಲುವೆ ಬರಿದು. ಇದು ಊರ ಸಭೆಯಲ್ಲಿ ಎಲ್ಲರೂ ಕೈಯೆತ್ತಿ ಒಪ್ಪಿದ ಮಾತು, ಒನೋಫ್ರೆಯೂ ಎತ್ತಿದ್ದ.

ಅವನು ತಿಳಿಸಿರಲಿಲ್ಲ. ಮಧ್ಯಾಹ್ನ ಲಾರಿಯ ನೆರಳಿನಲ್ಲಿ ಕೂತು ಕಾಳು ಸುತ್ತಿದ ರೊಟ್ಟಿ ತಿನ್ನುವಾಗ ಕಾಲುವೆಯಲ್ಲಿ ನೀರಿನ ಸದ್ದು ಕೇಳಿ ನಾನೇ ಎದ್ದು ಹೋಗಿ ನೋಡಿದೆ. ಅಂಚು ಮುಟ್ಟುವಷ್ಟು ಹರಿಯುತ್ತಿತ್ತು. ಬಂದು ಕೇಳಿದರೆ ಕಣ್ಣು ತಪ್ಪಿಸಿದ.

"ಇವತ್ತು ದೊಡ್ಡಮ್ಮನ ಸರದಿ ಅಕ್ಕ," ಅಂದ. "ಹೇಳಿದ್ರೆ ಅವ್ಳ ನೀರು ಹೋಗ್ತಿತ್ತು. ಸಾಯಂಕಾಲಕ್ಕೆ ಎಲ್ಲ ಒಣಗಿರುತ್ತೆ, ಯಾರಿಗೂ ಗೊತ್ತೂ ಆಗಲ್ಲ."

ದೊಡ್ಡಮ್ಮ ಎಂದರೆ ನೆಸ್ತೋರಾ, ನಮ್ಮ ಅಮ್ಮನ ಅಕ್ಕ, ಅಮ್ಮ ತೀರಿಕೊಂಡ ಮೇಲೆ ನಮ್ಮಿಬ್ಬರನ್ನೂ ಸಾಕಿದವಳು. ಊಟದ ಮನೆಗಿಂತ ಕೆಳಗೆ, ಕಾಲುವೆಯ ಪಕ್ಕದಲ್ಲೇ ಅವಳ ಮೆಣಸಿನಕಾಯಿ ಹೊಲ. ಆ ಮೆಣಸು ಅವಳ ಅಜ್ಜಿಯ ಕಾಲದ್ದು, ಗಿಡ್ಡ, ಸೊಟ್ಟ, ಒಣಗಿಸಿದರೆ ದ್ರಾಕ್ಷಿಯ ವಾಸನೆ ಬರುವಂಥದ್ದು, ಬೇರೆ ಯಾರ ಹೊಲದಲ್ಲೂ ಇಲ್ಲ. ಕಳೆದ ವರ್ಷ ಆಲಿಕಲ್ಲು ಹೊಡೆದು ಅವಳಿಗೆ ಸಿಕ್ಕಿದ್ದು ಒಂದು ಬೊಗಸೆ ಬೀಜ. ಅಷ್ಟನ್ನೂ ಈ ಸಲ ಬಿತ್ತಿದ್ದಳು. ಗಿಡಗಳು ಈಗ ಹೂ ಬಿಟ್ಟಿದ್ದವು. ಈ ಹೂವು ಕಾಯಿಯಾಗದಿದ್ದರೆ ಮುಂದಿನ ವರ್ಷ ಬಿತ್ತಲು ಒಂದು ಬೀಜವೂ ಇರಲಿಲ್ಲ. ಪ್ರೀತಿಯಿಂದಲೇ ಅವನು ಸುಮ್ಮನಿದ್ದ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಮ್ಮ ಕರಿ ಲೇಪ ಕಾಲುವೆಗೆ ಇಳಿದರೆ ಮೊದಲು ಸಾಯುವುದು ಅದೇ ಹೊಲ.

ಊಟ ಮುಗಿಯುವಷ್ಟರಲ್ಲಿ ಪಡುವಣ ಬೆಟ್ಟದ ಮೇಲೆ ಮೋಡ ಎದ್ದಿತ್ತು. ನಮ್ಮಲ್ಲಿ ಬೇಸಿಗೆಯ ಮಧ್ಯಾಹ್ನದ ಮೋಡಗಳು ಬಹಳ ಸಲ ಬರಿ ಬೆದರಿಸಿ ಹೋಗುತ್ತವೆ. ಮಳೆ ಆಕಾಶದಿಂದ ಬಾಲದಂತೆ ಇಳಿಯುತ್ತದೆ, ನೆಲ ಮುಟ್ಟುವ ಮೊದಲೇ ಗಾಳಿಯಲ್ಲಿ ಆರಿಹೋಗುತ್ತದೆ. ಇದೂ ಅಂಥದ್ದೇ ಎಂದು ತಮ್ಮ ವಾದಿಸಿದ. ಅಂಗಳದ ನಡುವೆ ಹೆಬ್ಬೆರಳು ಒತ್ತಿ ನನ್ನ ಮೂಗಿನ ಮುಂದೆ ಹಿಡಿದ. ಬೆರಳು ಚೊಕ್ಕಟವಾಗಿತ್ತು.

ನಾನು ದಕ್ಷಿಣದ ಅಂಚಿಗೆ ಹೋದೆ. ಅಲ್ಲಿ ಸಾಲಾಗಿ ಅಲಾಮೋ ಮರಗಳು, ದಿನವಿಡೀ ನೆರಳು. ಹೆಬ್ಬೆರಳು ಒತ್ತಿದೆ. ಕೆನೆ ಹರಿದು ಬೆರಳು ಒಳಗಿಳಿಯಿತು, ಅಂಗೈಗೆಲ್ಲ ಕರಿ ಹರಿದು ಬಂತು. ಅದನ್ನು ಅವನ ಅಂಗಿಯ ಎದೆಗೆ ಒರೆಸಿದೆ. ಆಗ ಅವನ ಶಿಳ್ಳೆ ನಿಂತಿತು.

ಈಗಲೇ ಬೆಲಾರ್ಮಿನೋಗೆ ಫೋನ್ ಮಾಡು ಎಂದೆ. ಆಗಲ್ಲ ಎಂದ. ಕೈಯೆತ್ತಿ ಒಪ್ಪಿದ ಮಾತು ಮುರಿದವನಿಗೆ ಈ ಊರಲ್ಲಿ ಯಾರು ಕೆಲಸ ಕೊಡುತ್ತಾರೆ, ಯಾರು ಮುಖ ಕೊಟ್ಟು ಮಾತಾಡುತ್ತಾರೆ ಎಂದ. ಕೊಳವೆಯ ಬಾಯಿ ಕಟ್ಟಿದರೆ ಮುಗಿಯಿತು, ಮರಳು ಹೇಗೂ ಇದೆಯಲ್ಲ ಎಂದ. ನಾನೇ ಫೋನ್ ತೆಗೆದೆ. ಬೆಟ್ಟದ ಮೇಲಿನ ಹುಲ್ಲುಗಾವಲಿಗೆ ದನ ನೋಡಲು ಹೋಗಿದ್ದನೋ ಏನೋ, ಬೆಲಾರ್ಮಿನೋ ಎತ್ತಲಿಲ್ಲ. ಇನ್ನೊಮ್ಮೆ ಮಾಡಿದೆ. ಎತ್ತಲಿಲ್ಲ. ಮೇಲಿನ ತೂಬಿನ ಬೀಗದ ಕೈ ಇರುವುದು ಅವನ ಸೊಂಟದಲ್ಲಿ ಮಾತ್ರ.

ಬೇರೆ ದಾರಿ ಇರಲಿಲ್ಲ. ಲೇಪಕ್ಕೆ ಬೆರೆಸಲು ತಂದ ಮರಳಿನ ಮೂಟೆಗಳನ್ನು ಬೆನ್ನ ಮೇಲೆ ಹೊತ್ತು ಕೊಳವೆಯ ಬಾಯಿಗೆ ಒಟ್ಟಿದೆವು. ಮೂಟೆಗಳ ಸಂದಿಗೆ ಹಳೆ ಚಿಂದಿ ತುರುಕಿದೆವು. ಗಾಳಿ ತಿರುಗಿತು. ಒದ್ದೆ ಮಣ್ಣಿನ ವಾಸನೆ ಬಂತು, ಚಿಕ್ಕಂದಿನಿಂದ ಆ ವಾಸನೆಗೆ ಹಿಗ್ಗಿದವಳು ನಾನು, ಆವತ್ತು ಇನ್ನೊಂದು ಚಿಂದಿ ತೆಗೆದು ಸಂದಿಗೆ ತುರುಕಿದೆ. ಬಾರದಿರಲಿ ತಾಯಿ ಎಂದು ಗ್ವಾದಲೂಪೆಯ ಮಾತೆಗೆ ಹರಕೆ ಹೊತ್ತೆ. ಬೇಸಿಗೆಯಲ್ಲಿ ಮಳೆ ಬೇಡವೆಂದು ಬೇಡಿಕೊಂಡವರು ನಮ್ಮ ಕಣಿವೆಯಲ್ಲಿ ಬೇರೆ ಯಾರೂ ಇರಲಾರರು.

ಮೊದಲ ಹನಿಗಳು ದೊಡ್ಡವು, ಅಲ್ಲೊಂದು ಇಲ್ಲೊಂದು. ಬಿದ್ದಲ್ಲೆಲ್ಲ ಕರಿ ಕೆನೆಯಲ್ಲಿ ಕಂದು ತೂತು. ಬಾಲ ಬಿಟ್ಟ ಮಳೆಯೇ ಇದು, ಹೋಗುತ್ತದೆ, ಹೋಗುತ್ತದೆ ಎಂದು ತಮ್ಮ ತನ್ನಷ್ಟಕ್ಕೇ ಹೇಳಿಕೊಳ್ಳುತ್ತಿದ್ದ. ಆಮೇಲೆ ಆಕಾಶ ಒಡೆಯಿತು. ಅಂಗಳವೆಲ್ಲ ಕುದಿಯುವಂತೆ ಎದ್ದಿತು, ನಡುವಿನ ಕೆನೆ ಹಾಳೆ ಹಾಳೆಯಾಗಿ ಕಿತ್ತು ಬಂತು. ನೆರಳಿನ ಕಡೆಯದು ಪೂರ್ತಿಯಾಗಿ ಕರಗಿ ಇಳಿಯಿತು. ಕರಿ ನೀರು ಮೂಟೆಗಳ ಹಿಂದೆ ನಿಂತಿತು, ಏರಿತು. ನಾವಿಬ್ಬರೂ ಬೆನ್ನು ಕೊಟ್ಟು ಮೂಟೆ ಒತ್ತಿ ಹಿಡಿದೆವು. ಕಾಲ ಕೆಳಗೆ ಲೇಪ ಜಾರುತ್ತಿತ್ತು, ನಿಲ್ಲಲು ನೆಲವೇ ಸಿಗಲಿಲ್ಲ. ಒನೋಫ್ರೆ ಜಾರಿ ಬಿದ್ದ. ಎದ್ದು ಮತ್ತೆ ಬೆನ್ನು ಕೊಟ್ಟ. ನೀರು ಕೊಳವೆಯನ್ನು ಬಿಟ್ಟು ಪಕ್ಕದ ಅಂಚುಕಟ್ಟೆಯನ್ನೇ ಹತ್ತಿ, ಅಗಲವಾಗಿ, ಸದ್ದಿಲ್ಲದೆ ಕಾಲುವೆಗೆ ಸುರಿಯತೊಡಗಿತು.

ತಡೆಯಲು ನೋಡುವುದರಲ್ಲಿ ಇನ್ನು ಅರ್ಥವಿರಲಿಲ್ಲ. ನಾನು ಓಡಿದೆ. ಕಾಲುವೆಯ ಏರಿಯ ಮೇಲೆ, ಬೂಟಿಗೆ ಅಂಟಿದ ಲೇಪ ಮತ್ತು ಮಣ್ಣು ಎಳೆಯುತ್ತಾ ಓಡಿದೆ. ಪಕ್ಕದಲ್ಲಿ ನೀರಿನೊಳಗೆ ಕರಿ ಪಟ್ಟಿ ನನಗಿಂತ ಸಾಕಷ್ಟು ಹಿಂದೆ ಬರುತ್ತಿತ್ತು. ಏದುಸಿರು ಬಿಡುತ್ತಾ ತಿರುಗಿ ನೋಡಿದಾಗಲೆಲ್ಲ ಅದು ಅಲ್ಲೇ ಇರುತ್ತಿತ್ತು. ದೊಡ್ಡಮ್ಮ ತನ್ನ ಹೊಲದ ತೂಬು ಮುಚ್ಚಿದರೆ ಸಾಕು, ಹೊಲ ಉಳಿಯುತ್ತದೆ, ಅಷ್ಟೇ ನನ್ನ ತಲೆಯಲ್ಲಿದ್ದದ್ದು.

ಅವಳು ತೂಬಿನ ಹತ್ತಿರವೇ ನಿಂತಿದ್ದಳು. ತಲೆಗೆ ಗೋಣಿ, ಕೈಯಲ್ಲಿ ಸಲಿಕೆ. ಮಳೆ ಬಂದರೂ ಸರದಿಯ ನೀರು ಬಿಟ್ಟುಕೊಡುವವಳಲ್ಲ. ಸಾಲುಗಳಲ್ಲಿ ತಿಳಿನೀರು ಅರ್ಧಕ್ಕೆ ಬಂದಿತ್ತು. ಉಸಿರು ಸಿಕ್ಕಷ್ಟರಲ್ಲಿ ವಿಷಯ ಹೇಳಿದೆ, ತೂಬಿನ ಹಲಗೆಗೆ ಕೈ ಹಾಕಿದೆ. ಅವಳು ನನ್ನ ಕೈ ಹಿಡಿದಳು.

"ಯಾರು ಬಳಿದದ್ದು? ನೀವಾ?"

ಹೌದೆಂದೆ. ನೀರುಗಂಟಿಗೆ ಹೇಳಿದ್ದಿರಾ ಎಂದು ಕೇಳಿದಳು. ಇಲ್ಲವೆಂದು ತಲೆಯಾಡಿಸಿದೆ. ಅವಳು ಕಾಲುವೆಯ ಕೆಳಗಿನ ಕಡೆ ನೋಡಿದಳು. ಅಲ್ಲಿಂದ ಮುಂದೆ ಬೇರೆಯವರ ಹೊಲಗಳು, ಜೋಳ, ಕುಂಬಳ, ಹಣ್ಣಿನ ಮರಗಳು, ಊರಿನ ಅರ್ಧ. ನೀರನ್ನು ಹೊಳೆಗೆ ತಿರುಗಿಸುವ ತೂಬು ಇರುವುದು ಊಟದ ಮನೆಗಿಂತ ಮೇಲೆ, ಇಲ್ಲಿಂದ ಕೆಳಗೆ ಒಂದೂ ಇಲ್ಲ. ಅವಳು ಹಲಗೆ ಹಾಕಿದರೆ ಕರಿ ನೀರು ನಿಲ್ಲುವುದಿಲ್ಲ, ಅವರಲ್ಲಿಗೆ ಹೋಗುತ್ತದೆ. ಅಷ್ಟು ಹೊತ್ತಿನ ತನಕ ನನಗೆ ಅದು ಹೊಳೆದೇ ಇರಲಿಲ್ಲ.

ಅವಳು ಹಲಗೆ ಹಾಕಲಿಲ್ಲ. ಅದನ್ನು ಪೂರ್ತಿ ಕಿತ್ತು ಬದಿಗೆಸೆದಳು. ಕಾಲುವೆ ಅಡ್ಡಗಟ್ಟಲೆಂದು ಕೋಲಿಗೆ ಮೊಳೆ ಹೊಡೆದು ಇಟ್ಟಿದ್ದ ಟಾರ್ಪಲ್ಲನ್ನು ಎಳೆದು ತಂದು, ತೂಬಿನಿಂದ ಕೆಳಗೆ ಕಾಲುವೆಗೆ ಅಡ್ಡ ಹಾಕಿ, ತಾನೇ ನೀರಿಗಿಳಿದು ಅದರ ಅಂಚನ್ನು ಎರಡು ಕಾಲಿನಿಂದಲೂ ಒತ್ತಿ ನಿಂತಳು. ಕಾಲುವೆ ಅಲ್ಲಿ ಸತ್ತು, ತಿರುಗಿ, ಪೂರ್ತಿಯಾಗಿ ಅವಳ ಹೊಲದೊಳಗೆ ನುಗ್ಗಿತು. ದೊಡ್ಡಮ್ಮ ಬೇಡ, ಬೀಜ ದೊಡ್ಡಮ್ಮ ಎಂದು ನಾನು ಅತ್ತೆ. ಅವಳು ನನ್ನತ್ತ ನೋಡಲೂ ಇಲ್ಲ.

ಕರಿ ಪಟ್ಟಿ ಬಂತು. ಮೊದಲ ಸಾಲಿಗೆ ಹೊಕ್ಕಿತು, ತಿಳಿನೀರನ್ನು ತಳ್ಳುತ್ತಾ ಎರಡನೆಯದಕ್ಕೆ ಹೋಯಿತು. ನೀರಿನ ಮೇಲೆ ಬಣ್ಣ ಬಣ್ಣದ ಎಣ್ಣೆಯ ಕೆನೆ, ಅದರ ಮೇಲೆ ಬಾಗಿದ ಬಿಳಿ ಹೂಗಳು.

ಆಗ ಒನೋಫ್ರೆ ಬಂದ. ಬಿದ್ದು ಬಿದ್ದು ಬಂದಿದ್ದ, ತಲೆಯಿಂದ ಕಾಲಿನ ತನಕ ಕರಿ, ಕಣ್ಣಷ್ಟೇ ಬೆಳ್ಳಗೆ. ಹೊಲ ನೋಡಿದ, ಅವಳನ್ನು ನೋಡಿದ. ಏನು ನಡೆಯುತ್ತಿದೆಯೆಂದು ತಿಳಿಯಲು ಅವನಿಗೆ ಯಾರೂ ಹೇಳಬೇಕಾಗಲಿಲ್ಲ.

"ತೂಬು ಹಾಕು ದೊಡ್ಡಮ್ಮ," ಅಂದ. ಅವನ ದನಿ ಮಗುವಿನದಾಗಿತ್ತು. "ಕೆಳಗಿನವ್ರಿಗೆ ನಾನೇ ಹೋಗಿ ಹೇಳ್ತೀನಿ. ಕಾಲಿಗೆ ಬೀಳ್ತೀನಿ. ನಿನ್ನ ಹೊಲ ಬೇಡ."

"ಅವ್ರು ನಿನ್ನ ತಿಂದುಹಾಕ್ತಾರೆ ಮಗ," ಅಂದಳು ಅವಳು. "ನಾನು ತಿನ್ನಲ್ಲ."

ಅವನು ಅಲ್ಲೇ ಏರಿಯ ಮೇಲೆ ಮಂಡಿಯೂರಿದ. ನನಗೆ ಅವನನ್ನು ಹೊಡೆಯಬೇಕೆನಿಸಿತು, ತಬ್ಬಿಕೊಳ್ಳಬೇಕೆನಿಸಿತು, ಎರಡೂ ಮಾಡಲಿಲ್ಲ. ಅಷ್ಟರಲ್ಲಿ ಟಾರ್ಪಲ್ಲಿನ ಆಚೆ ಅಂಚು ಎದ್ದಿತು. ಬೆರಳಗಲ ಕರಿ ನೀರು ಸಂದಿಯಿಂದ ಕೆಳಗಿನ ಕಾಲುವೆಗೆ ಜಾರತೊಡಗಿತು. ದೊಡ್ಡಮ್ಮ ಅತ್ತ ಕಾಲು ಚಾಚಿದಳು, ಎಟುಕಲಿಲ್ಲ.

"ಏಳು. ಅಲ್ಲಿ ಸೋರ್ತಾ ಇದೆ, ಮಣ್ಣು ಹಾಕು," ಎಂದು ಅವನಿಗೆ ಸಲಿಕೆ ಚಾಚಿದಳು.

ಅವನು ಸಲಿಕೆ ತೆಗೆದುಕೊಂಡು ಸುತ್ತ ನೋಡಿದ. ಒಂದು ಕಡೆ ರಸ್ತೆಯ ಕಲ್ಲುಗೋಡೆ. ಏರಿಯ ಮಣ್ಣು ತೆಗೆದರೆ ಕಾಲುವೆಯೇ ಒಡೆಯುತ್ತದೆ. ಇನ್ನು ಉಳಿದ ಮಣ್ಣು ಹೊಲದ್ದು, ಕೈಗೆ ಹತ್ತಿರವಿದ್ದದ್ದು ಬದುವಿನ ಪಕ್ಕದ ಎತ್ತರದ ಸಾಲು. ಕರಿ ನೀರು ಇನ್ನೂ ಮುಟ್ಟದಿದ್ದದ್ದು ಅದೊಂದೇ.

"ಎಲ್ಲಿಂದ ತೆಗೀಲಿ?" ಎಂದು ಕೇಳಿದ. ಗೊತ್ತಿದ್ದೇ ಕೇಳಿದ.

ಅವಳು ಗಲ್ಲ ಎತ್ತಿ ಆ ಸಾಲನ್ನು ತೋರಿಸಿದಳು. ಒನೋಫ್ರೆ ನನ್ನ ಮುಖ ನೋಡಿದ, ನಾನು ಏನಾದರೂ ಹೇಳುತ್ತೇನೆಂದು. ಅವನು ಸಲಿಕೆಯನ್ನು ನೆಲಕ್ಕೆ ಒತ್ತಿದ. ಗಿಡ ಬೇರುಸಮೇತ ಮಣ್ಣಿನೊಂದಿಗೆ ಎದ್ದು ಬಂತು, ಹೂ ಇನ್ನೂ ನೆಟ್ಟಗಿತ್ತು. ಹಾಗೇ ಹೊತ್ತು ತಂದು ಟಾರ್ಪಲ್ಲಿನ ಅಂಚಿಗೆ ಹಾಕಿ ತುಳಿದ. ಸೋರುವುದು ಸ್ವಲ್ಪ ಕಡಿಮೆಯಾಯಿತು, ನಿಲ್ಲಲಿಲ್ಲ.

ಅವಳು ಸೊಂಟದ ತನಕ ಕರಿ ನೀರಿನಲ್ಲಿ ನಿಂತು ಅವನನ್ನೇ ನೋಡುತ್ತಿದ್ದಳು.

"ಇನ್ನೊಂದು ಸಲಿಕೆ," ಅಂದಳು.

ಅವನು ಹಾಕಿದ.