ಊದದ ಸೀಟಿ

ಬಡಗಿಗೆ ನಲವತ್ತಾರು ತುಂಬಿತ್ತು. ಬಲಮಂಡಿ ಸವೆದಿದೆ, ಇನ್ನು ಆಟ ಸಾಕು ಅಂತ ಡಾಕ್ಟರು ಹೇಳಿಯಾಗಿತ್ತು. ಇದೇ ಕೊನೆಯ ಮ್ಯಾಚು. ಹದಿನಾಲ್ಕು ವರ್ಷ ಬಾಸ್ಕೆಟ್‌ಬಾಲ್ ಆಡಿದರೂ ಮರಗೆಲಸದವರ ತಂಡಕ್ಕೆ ಕಪ್ ಅನ್ನೋದು ಕನಸೇ. ಒಂದು ಸಲ, ಒಂದೇ ಒಂದು ಸಲ ಅದನ್ನು ಎತ್ತಿ ಹಿಡಿಯಬೇಕು ಅಂತ ಅವನ ಜೀವ ಬಡಿದುಕೊಳ್ಳುತ್ತಿತ್ತು.

ಬುಟ್ಟಿಗೆ ಚೆಂಡು ಹಾಕುವುದರಲ್ಲಿ ಅವನದು ಅಷ್ಟಕ್ಕಷ್ಟೇ. ಅವನ ವಿದ್ಯೆಯೇ ಬೇರೆ, ಫೌಲು! ಮೊಣಕೈ ತಟ್ಟುವುದು, ಅಂಗಿ ಜಗ್ಗುವುದು, ಏನೂ ಅರಿಯದವನ ಹಾಗೆ ಅಡ್ಡ ನಿಲ್ಲುವುದು. ಆದರೆ ರೆಫರಿ ಅವನ ಹೆಂಡತಿ. ಸುತ್ತಲಿನ ನಾಲ್ಕು ಬೀದಿಗಳಲ್ಲಿ ನಿಯಮದ ಪುಸ್ತಕ ಪೂರ್ತಿ ಓದಿದ್ದವಳು ವ್ಯಾಯಾಮದ ಟೀಚರಾದ ಅವಳೊಬ್ಬಳೇ. ಗಂಡ ಅಂತ ಮುಲಾಜೇ? ಉಹೂಂ! ಅವನು ಬೆರಳಾಡಿಸಿದರೂ ಸೀಟಿ.

“ಸ್ವಲ್ಪ ಕಣ್ಮುಚ್ಕೊಂಡ್ರೆ ನಿನ್ನ ಗಂಟೇನು ಹೋಗುತ್ತೆ?” ಅಂತ ಅವತ್ತು ಬೆಳಿಗ್ಗೆಯೂ ಗೋಗರೆದಿದ್ದ.

“ಆಟ ಅಂದ್ರೆ ಆಟ ರೀ,” ಅಂದಿದ್ದಳು.

ಫೈನಲ್ ಬಸ್ ಡಿಪೋದವರ ಮೇಲೆ. ಹನ್ನೆರಡು ಸೆಕೆಂಡು ಬಾಕಿ, ಬಡಗಿಯ ತಂಡ ಒಂದು ಪಾಯಿಂಟು ಹಿಂದೆ. ಚೆಂಡು ಡಿಪೋದ ಲಂಬು ಡ್ರೈವರನ ಕೈಯಲ್ಲಿ. ಅವನನ್ನು ಹಿಡಿದರೆ ಸೀಟಿ ಬೀಳುತ್ತದೆ, ಗಡಿಯಾರ ನಿಲ್ಲುತ್ತದೆ. ಲಂಬುವಿಗೆ ಎರಡು ಫ್ರೀ ಥ್ರೋ ಸಿಗುತ್ತವೆ, ಸಿಗಲಿ! ಅವನು ಗೆರೆಯ ಮೇಲೆ ನಿಂತು ಎಸೆದದ್ದು ಬುಟ್ಟಿಗೆ ಬಿದ್ದದ್ದನ್ನು ಕಂಡವರಿಲ್ಲ. ಆಮೇಲೆ ಚೆಂಡು ನಮ್ಮದು, ಒಂದು ಬುಟ್ಟಿ, ಕಪ್! ಬಡಗಿಗೆ ಆಗಲೇ ನಾಲ್ಕು ಫೌಲಾಗಿತ್ತು. ಐದಾದರೆ ಅಂಗಳದಿಂದ ಆಚೆ ನಡೆಯಬೇಕು. ಹೋದರೆ ಹೋಗಲಿ ಅಂದುಕೊಂಡು ನುಗ್ಗಿದ.

ಲಂಬುವಿನ ಕೈಗೆ ತಟ್ಟಿದ. ಸೀಟಿಯಿಲ್ಲ. ಅಂಗಿ ಜಗ್ಗಿದ. ಹೆಂಡತಿ ಆಕಾಶ ನೋಡುತ್ತಿದ್ದಳು. ಇದೇನಪ್ಪಾ ಗ್ರಹಚಾರ! ಕೊನೆಗೆ ಲಂಬುವಿನ ಸೊಂಟವನ್ನೇ ಅಪ್ಪಿ ಹಿಡಿದ.

“ಫೌಲ್ ಮಾಡ್ದೆ ಕಣೇ! ಊದೇ!”

ಅವಳು ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಳು. ಸಮಯ ಮುಗಿದೇ ಹೋಯಿತು. ಡಿಪೋದವರು ಕುಣಿಯುತ್ತಾ ಬಂದು ಲಂಬುವನ್ನು ಎತ್ತಿದರೆ, ಸೊಂಟಕ್ಕೆ ಅಂಟಿದ್ದ ಬಡಗಿಯೂ ಜೊತೆಗೇ ಮೇಲೆದ್ದ.

ಇಳಿದವನೇ ಕುಂಟುತ್ತಾ ಅವಳ ಮುಂದೆ ಹೋಗಿ ನಿಂತ. ಅಳು ಬರುವಷ್ಟು ಸಿಟ್ಟು.

“ಹದಿನಾಲ್ಕು ವರ್ಷ ಉಸಿರು ಬಿಟ್ರೂ ಊದ್ತಿದ್ದೋಳು, ಇವತ್ತೇ ಏನೇ ಬಂತು ನಿಂಗೆ ದೊಡ್ಡ ರೋಗ?”

“ಐದನೇದು ರೀ,” ಅಂದಳು. “ಊದಿದ್ರೆ ನಿಮ್ಮನ್ನ ಆಚೆ ಕಳಿಸ್ಬೇಕಿತ್ತು. ಕೊನೇ ಆಟ, ಮುಗಿಯೋವರೆಗೂ ಅಂಗಳದಲ್ಲೇ ಇರ್ಲಿ ಅನ್ನಿಸ್ತು. ನೀವು ಗಡಿಯಾರ ನಿಲ್ಲಿಸೋಕೇ ಹಿಡೀತಿದ್ದೀರಿ ಅಂತ ಹೊಳೀಲೇ ಇಲ್ಲ.”

ಬಡಗಿಗೆ ಕಪ್ ಹೋದ ಹೊಟ್ಟೆಯುರಿ ಇದ್ದೇ ಇತ್ತು, ಸುಳ್ಳೇಕೆ? ಆದರೂ ಅವಳ ಹೆಗಲಿಗೆ ಕೈ ಹಾಕಿದ.

“ಮುಂದಿನ ವರ್ಷಾನೂ ಆಡ್ತೀನಿ.”

“ಮಂಡಿ?”

“ಮಂಡಿ ಹಾಳಾಗ್ಲಿ. ದಮ್ಮಯ್ಯ, ನೀನು ಮಾತ್ರ ನನ್ಮೇಲೆ ಕರುಣೆ ತೋರಿಸ್ಬೇಡ.”