ನೀಲಿ ಚೀಟಿಯ ಚೀಲ

ದೇವದುರ್ಗದ ಹತ್ತಿರದ ಹಳ್ಳಿಯ ಹುಲಗೆಮ್ಮ ತನ್ನ ಹೊಲದಲ್ಲೇ ಬೆಳೆದು ಆರಿಸಿಟ್ಟ ತೊಗರಿ ಬೀಜವೆಂದರೆ ಸುತ್ತಲಿನವರು ಕಣ್ಣುಮುಚ್ಚಿ ಒಯ್ಯುತ್ತಿದ್ದರು. ಈ ಸಲ ಬಿತ್ತನೆಗೆ ಮೊದಲು ಅವಳು ಮೂರು ಚೀಲ ಬೀಜವನ್ನು ಮಾನ್ವಿ ಸಂತೆಗೆ ಒಯ್ದಳು. ಚೀಲ ಮಾತ್ರ ಹೋದ ವರ್ಷ ಕೊಂಡ ಪ್ರಮಾಣಿತ ಬೀಜದ್ದು. ಗಟ್ಟಿ ಇವೆಯೆಂದು ಝಾಡಿಸಿ ಇಟ್ಟುಕೊಂಡಿದ್ದಳು. ಅಂಚಿಗೆ ಹೊಲಿದಿದ್ದ, ತಳಿಯ ಹೆಸರು ಬರೆದ ಸರ್ಕಾರಿ ಪ್ರಮಾಣದ ನೀಲಿ ಚೀಟಿಯನ್ನು ಕಿತ್ತಿರಲಿಲ್ಲ.

ಬೀಜ ನಿರೀಕ್ಷಕರು ಬಂದು ಚೀಟಿ ಹಿಡಿದು ಕೇಳಿದರು, "ಇದು ಯಾರದವ್ವಾ?"

"ಚೀಟಿ ಸರ್ಕಾರದ್ದಿರಬೇಕ್ರಿ ಸಾಹೇಬ್ರ. ಬೀಜ ನಂದು."

ಅವರು ಅದನ್ನೇ ಬರೆದುಕೊಂಡು ಹೆಬ್ಬೆಟ್ಟು ಒತ್ತಿಸಿಕೊಂಡರು. ಮಾದರಿಗೆಂದು ಬೀಜ ತೆಗೆದು, ಪೊಟ್ಟಣ ಕಟ್ಟಿ ಅರಗಿನ ಮುದ್ರೆ ಹಾಕಿದರು. ಚೀಲಗಳೂ ಅವರ ಜೀಪು ಹತ್ತಿದವು.

ತಿಂಗಳುಗಳ ಮೇಲೆ ಕೋರ್ಟಿನಿಂದ ಸಮನ್ಸ್ ಬಂತು. ರಾಯಚೂರಿನ ಪ್ರಯೋಗಾಲಯದ ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತೆರಡು ಮೊಳಕೆ ಬಂದಿದೆ ಎಂದು ಅವಳ ಪರ ವಕೀಲೆ ಶೈಲಶ್ರೀ ಹೇಳಿದಾಗ ಹುಲಗೆಮ್ಮನ ಮುಖ ಅರಳಿತು.

"ಹಂಗಾರ ಕೇಸ್ ಮುಗೀತಲ್ರಿ ಅಕ್ಕಾರ?"

"ಇಲ್ಲ ಯವ್ವಾ. ನಿನ್ನ ಬೀಜಕ್ಕ ಬ್ಯಾರೆ ಬೀಜದ ಚೀಟಿ ಅದ. ಅದೇ ತಪ್ಪು. ಇದನ್ನ ನಿನ್ನ ಮನಿಯಾಗ, ಹೆಸರಿಲ್ಲದ ಚೀಲದಾಗ ಮಾರಿದ್ರ ಯಾರೂ ಕೇಳ್ತಿರಲಿಲ್ಲ."

ಅದೇ ಬೀಜ ಮನೆಯಲ್ಲಿ ಸರಿ, ಮಾನ್ವಿಯಲ್ಲಿ ತಪ್ಪು! ಹುಲಗೆಮ್ಮ ಎಷ್ಟು ತಿರುವಿ ನೋಡಿದರೂ ತಲೆಗೆ ಹತ್ತಲಿಲ್ಲ.

ಕೋರ್ಟಿನಲ್ಲಿ ನ್ಯಾಯಾಧೀಶರು ಕೇಳಿದರು, "ತಪ್ಪು ಒಪ್ಪಿಕೊಳ್ತೀರಾ?"

ಹುಲಗೆಮ್ಮ ವಕೀಲೆಯ ಕಡೆ ನೋಡಿದಳು, ಕಟಕಟೆಯ ಅಂಚು ಹಿಡಿದುಕೊಂಡಳು. "ಚೀಲದ್ದು ಒಪ್ತೀನ್ರಿ. ಬೀಜದ್ದು ಒಪ್ಪಂಗಿಲ್ಲ."

ಟೈಪ್ ಮಾಡುತ್ತಿದ್ದವನ ಕೈ ನಿಂತಿತು. ನ್ಯಾಯಾಧೀಶರು ಕನ್ನಡಕ ತೆಗೆದರು. "ಬೀಜ ಕೆಟ್ಟದ್ದು ಅಂತ ಯಾರೂ ಹೇಳಿಲ್ಲಮ್ಮ. ಕೊಳ್ಳುವವರು ಚೀಟಿ ನಂಬ್ತಾರೆ." ಐದುನೂರು ರೂಪಾಯಿ ದಂಡ ವಿಧಿಸಿದರು. ಮತ್ತೊಮ್ಮೆ ಹೀಗಾದರೆ ಆರು ತಿಂಗಳವರೆಗೆ ಜೈಲೂ ಆಗಬಹುದೆಂದು ಎಚ್ಚರಿಸಿದರು.

ಊರು ಮುಟ್ಟಿದ ಮೇಲೂ ಜೈಲೆಂಬ ಮಾತು ಅವಳ ತಲೆಯಿಂದ ಹೋಗಲಿಲ್ಲ. ವಾರ ಕಳೆದ ಮೇಲೆ ಪಕ್ಕದ ಹೊಲದ ತಾಯಣ್ಣ ಬಂದ. "ಮುಂದಿನ ಮುಂಗಾರಿಗೆ ಬೀಜ ಇಟ್ಟಿರು ಯವ್ವಾ."

"ಇಲ್ಲಿಗೇ ಬಂದು ಒಯ್ಬೇಕು ನೋಡು. ಚೀಲಾನೂ ನೀನ ತರಬೇಕು."

"ತರ್ತೀನಿ. ಅಂದಂಗ, ಈ ತಳಿ ಹೆಸರೇನು? ನನ್ನ ಅಳಿಯ ಕೇಳ್ಯಾನ."

ಹುಲಗೆಮ್ಮ ಬಾಯಿ ತೆರೆದವಳು ತಡೆದುಕೊಂಡಳು. ಹೆಸರಿಲ್ಲದ ಚೀಲವಾದರೆ ತಪ್ಪಿಲ್ಲವಂತೆ; ಹಾಗಾದರೆ ಹೆಸರು ಹೇಳಿದರೂ ಕೇಸಾದೀತೇ? ಅದನ್ನು ಶೈಲಶ್ರೀಯ ಹತ್ತಿರ ಕೇಳುವುದೇ ಮರೆತುಹೋಗಿತ್ತು.

"ತೊಗರಿ ಅಂತ ಹೇಳು," ಎಂದಳು ಕೊನೆಗೆ. "ಬರೀ ತೊಗರಿ."